ಬುವೈರಾಕ್ಕೆ ಹೋಗುವ ನೀರು

2013 ಮಾರ್ಚ್ 19

ಎರಡನೇ ಪಂಪಿನ ಶಾಫ್ಟ್ ಹತ್ತಿರ ಮತ್ತೆ ನೀರು ಜಿನುಗುತ್ತಿದೆ. ಜಿಡ್ಡಿನ ಹಗ್ಗ ತುರುಕಿ ಬಿಗಿದೆ. ಎಷ್ಟು ದಿನ ತಡೆಯುತ್ತದೋ. ನದಿಯಲ್ಲಿ ಕೆಸರು ಜಾಸ್ತಿ. ಕ್ಲೋರಿನ್ ಮುಗಿಯುತ್ತಾ ಬಂತು. ಸರ್ಕಾರದ ಸೈನ್ಯ ಊರು ಬಿಟ್ಟು ಓಡಿದ ಮೇಲೆ ಡಮಾಸ್ಕಸ್‌ನಿಂದ ಸಾಮಾನು ಬರುವುದು ನಿಂತಿದೆ. ಈಗ ಊರು ನಮ್ಮ ಹುಡುಗರ ಕೈಯಲ್ಲಿ. ಬೀದಿಗೊಂದು ದಳ, ದಳಕ್ಕೊಬ್ಬ ಕಮಾಂಡರ್.

ಮೀಟರ್ ರೀಡರ್ ದಹ್ಹಾಮ್ ಆಫೀಸಿಗೆ ಬಂದು ಕಾಲು ಚಾಚಿ ಕೂತ.

"ಇನ್ಮೇಲೆ ಮೀಟರ್ ಓದೋ ಕೆಲ್ಸ ಇಲ್ಲ ಇಂಜಿನಿಯರ್ ಸಾಹೇಬ್ರೆ. ಕ್ರಾಂತಿ ಆಗಿದೆ."

"ಮೊದ್ಲು ಯಾವಾಗ ಓದಿದ್ದೆ? ಟೀ ಅಂಗಡೀಲಿ ಕೂತು ಮನಸ್ಸಿಗೆ ಬಂದಿದ್ದು ಬರೀತಿದ್ದೆ."

ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ನೆಲ ನೋಡುತ್ತ ಕೂತ.

ಸಂಜೆ ತಂಗಿ ಶಮ್ಸಾ ಬಂದಿದ್ದಳು, ಒಂದು ಚೀಲ ಕಮಾ, ಮರಳಲ್ಲಿ ಅಗೆದು ತೆಗೆಯುವ ಅಣಬೆ, ತಂದಿದ್ದಳು. ಮರಳೆಲ್ಲ ತೊಳೆಯುವಷ್ಟರಲ್ಲಿ ಹೆಂಡತಿ ಖನ್ಸಾಗೆ ಸಾಕಾಯಿತು. ಅತ್ತಿಗೆ ನಾದಿನಿ ಇಬ್ಬರೂ ಸೇರಿದರೆ ನನಗೆ ಮನೆಯಲ್ಲಿ ಬೆಲೆಯಿಲ್ಲ. ಅವಳ ಗಂಡನ ಊರು ಬುವೈರಾದಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು ಶಮ್ಸಾಳ ದೂರು. ಎತ್ತರದ ಊರು, ಬಾವಿಗಳೆಲ್ಲ ಉಪ್ಪು, ನಮ್ಮ ಕೊಳವೆ ಬಿಟ್ಟರೆ ಗತಿಯಿಲ್ಲ. "ಅಣ್ಣ ಇಂಜಿನಿಯರು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀನಿ, ನಮ್ಮನೆ ನಲ್ಲೀಲೇ ಗಾಳಿ" ಅಂದಳು. ನಾಳೆ ನೋಡಬೇಕು.

2013 ಜೂನ್ 27

ಡೀಸೆಲ್ ಕದ್ದಿದ್ದಾರೆ. ಡ್ರಮ್ಮುಗಳನ್ನೇ ಉರುಳಿಸಿಕೊಂಡು ಹೋಗಿದ್ದಾರೆ. ಯಾವ ದಳ ಎಂದು ಎಲ್ಲರಿಗೂ ಗೊತ್ತು. ಕಮಾಂಡರ್ ಹತ್ತಿರ ಹೋದೆ. "ಯುದ್ಧಕ್ಕೆ ಬೇಕಿತ್ತು" ಅಂದ. ಯಾವ ಯುದ್ಧ? ತುರ್ಕಿ ಗಡಿಯಲ್ಲಿ ಮಾರಿದ್ದಾರೆ.

ಪಂಪು ನಿಂತಿದೆ. ಗೇಟಿನ ಮುಂದೆ ಹೆಂಗಸರು, ಕ್ಯಾನುಗಳು, ಬೈಗುಳ. ಬೈಗುಳ ನನಗೇ.

2013 ಜೂನ್ 29

ಡೀಸೆಲ್ ಬಂತು. ತಂದವರು ಕರಿ ಬಾವುಟದವರು. ಹಳೆಯ ಕೃಷಿ ಆಫೀಸು ಬಾಡಿಗೆ ಹಿಡಿದಿದ್ದಾರಲ್ಲ, ಅವರು. ಟ್ಯಾಂಕರ್‌ನಲ್ಲಿ ಡ್ರೈವರ್ ಪಕ್ಕ ದಹ್ಹಾಮ್ ಕೂತಿದ್ದ! ಗಡ್ಡ ಬಿಟ್ಟಿದ್ದಾನೆ. ಜೊತೆಗೆ ಟ್ಯುನಿಷಿಯಾದ ಒಬ್ಬ. ಮೆತ್ತಗಿನ ಮಾತು. ಪಂಪ್‌ಹೌಸ್ ಒಳಗೆ ಬರುವಾಗ ಚಪ್ಪಲಿ ಹೊರಗೆ ಬಿಟ್ಟ. "ಮುಸ್ಲಿಮರು ಬಾಯಾರಿ ಕೂರಬಾರದು" ಅಂದ. ರಸೀದಿ ಬೇಡ, ಸಹಿ ಬೇಡ. ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಮನಸಾರೆ ಹೇಳಿದೆ.

ಖನ್ಸಾ ಕೇಳಿದಳು: "ಬದಲಿಗೆ ಏನೂ ಕೇಳ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ಆಮೇಲೆ ಕೇಳ್ತಾರೆ."

ತಮ್ಮನ್ನು ದೌಲಾ ಎಂದು ಕರೆದುಕೊಳ್ಳುತ್ತಾರಂತೆ. ರಾಜ್ಯ. "ಒಂದು ಬಾಡಿಗೆ ಮನೆ, ಮೂರು ಜೀಪು. ಅದಕ್ಕೆ ರಾಜ್ಯ ಅಂತ ಹೆಸ್ರು" ಎಂದು ಖನ್ಸಾ ನಕ್ಕಳು. ಮಗಳು ಲಮೀಸ್ ಕೂಡ ನಕ್ಕಳು. ಹನ್ನೊಂದು ವರ್ಷ, ಅಮ್ಮ ನಕ್ಕಿದ್ದಕ್ಕೆಲ್ಲ ನಗುತ್ತಾಳೆ.

2013 ಅಕ್ಟೋಬರ್ 4

ಶುಕ್ರವಾರದ ಊಟಕ್ಕೆ ಶಮ್ಸಾ, ಅವಳ ಗಂಡ ಹವ್ವಾಶ್. ಹವ್ವಾಶ್ ತನ್ನ ಬುಡಕಟ್ಟಿನ ದಳದಲ್ಲಿದ್ದಾನೆ. ತಟ್ಟೆಯ ಸುತ್ತ ಕೂತದ್ದೇ ಮಾತು ದೌಲಾ ಕಡೆಗೆ ತಿರುಗಿತು. ಕಳ್ಳತನ ನಿಂತಿದೆ, ಬೇಕರಿಗೆ ಹಿಟ್ಟು ಬರುತ್ತಿದೆ, ಪಂಪು ಓಡುತ್ತಿದೆ ಎಂದೆ.

"ಭಾವ, ಅವ್ರು ನಮ್ಮ ಜೊತೆ ಸೇರಿ ಹೊಡೆದಾಡೋಕೆ ಬಂದೋರಲ್ಲ. ನಾವು ಹೊಡೆದಾಡಿ ಸುಸ್ತಾಗೋದನ್ನ ಕಾಯ್ತಾ ಕೂತಿದಾರೆ."

"ನನ್ನ ಡೀಸೆಲ್ ಕದ್ದೋರು ಅವರಲ್ಲ. ನಿಮ್ಮೋರು."

ಹವ್ವಾಶ್‌ಗೆ ಸಿಟ್ಟು ಬರಲಿಲ್ಲ. ರೊಟ್ಟಿ ಮುರಿಯುತ್ತ ಹೇಳಿದ: "ಕದ್ದಿದ್ದು ನಿಜ. ಆದ್ರೆ ಕದ್ದೋನ ಮನೆ ಮುಂದೆ ಹೋಗಿ ನೀವು ಬೈದು ಬಂದ್ರಿ. ನಾಳೆ ಇವ್ರ ಬಾಗ್ಲಿಗೆ ಹೋಗಿ ಬೈಯೋಕಾಗುತ್ತಾ?"

ಬೆಂಡೆಕಾಯಿ ಸಾರು ಚೆನ್ನಾಗಿದೆ ಅಂದೆ.

2014 ಜನವರಿ 16

ವಾರದಿಂದ ಬೀದಿ ಕಾಳಗ. ದಳಗಳು ಒಂದು ಕಡೆ, ದೌಲಾ ಒಂದು ಕಡೆ. ಪಂಪ್‌ಹೌಸಿನ ಗೋಡೆಗೆ ಗುಂಡು. ಇವತ್ತು ಸದ್ದಿಲ್ಲ. ಬ್ರೆಡ್ ತರಲು ಹೋದೆ. ಚೌಕದಲ್ಲಿ ಕಮಾಂಡರ್ — ಡೀಸೆಲ್ ಕದ್ದವನು. ಬೇಲಿಗೆ ಕಟ್ಟಿದ್ದಾರೆ. ತಲೆ ಕಡಿದು ಬೇರೆ ಕಡೆ ಇಟ್ಟಿದ್ದಾರೆ.

ಬ್ರೆಡ್ ತಂದೆ. ಖನ್ಸಾಗೆ ಹೇಳಲಿಲ್ಲ. ಅವಳಿಗೆ ಆಗಲೇ ಗೊತ್ತಿತ್ತು.

2014 ಮಾರ್ಚ್ 8

ಲಮೀಸ್‌ಳ ಶಾಲೆಗೆ ಬೀಗ. ಸಿಗರೇಟು ಬಂದ್. ಖನ್ಸಾ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಕಣ್ಣಿಗೂ ಪರದೆ ಇರಬೇಕಂತೆ, ಮೆಟ್ಟಿಲು ಕಾಣದೆ ಎರಡು ಸಲ ಎಡವಿದಳು.

ದಹ್ಹಾಮ್ ಈಗ ಸೇವಾ ಇಲಾಖೆಯ ಮುಖ್ಯಸ್ಥ. ನೀರು, ಕರೆಂಟು, ಕಸ, ಎಲ್ಲ ಅವನದು. ಇವತ್ತು ಬಂದು ನನ್ನ ಕುರ್ಚಿಯಲ್ಲಿ ಕೂತ. ನಾನು ನಿಂತೇ ಇದ್ದೆ.

"ಕೂತ್ಕೊಳ್ಳಿ ಸಾಹೇಬ್ರೆ. ಯಾಕೆ ನಿಂತಿದೀರಿ?"

ಇನ್ನೊಂದು ಕುರ್ಚಿ ಇರಲಿಲ್ಲ. ಅವನಿಗೂ ಗೊತ್ತು.

ಊರು ಬಿಡೋಣ ಎಂದು ಖನ್ಸಾ. ಎಲ್ಲಿಗೆ? ಚೆಕ್‌ಪೋಸ್ಟಿನಲ್ಲಿ ಇಂಜಿನಿಯರ್, ಡಾಕ್ಟರ್‌ಗಳನ್ನು ಹೊರಗೆ ಬಿಡುವುದಿಲ್ಲ. ನಾನು ಬಿಟ್ಟರೆ ಪಂಪು ಯಾರು ನೋಡುತ್ತಾರೆ ಎಂದೂ ಅಂದೆ. ಆ ಮಾತು ನನಗೇ ಸುಳ್ಳು ಅನ್ನಿಸಿತು.

2014 ಜುಲೈ 31

ನದಿಯ ಎರಡೂ ದಡ ಈಗ ಅವರದ್ದೇ. ಇರಾಕಿನಿಂದ ತಂದ ಅಮೆರಿಕನ್ ಜೀಪುಗಳು ಬೀದಿ ತುಂಬ.

ಬುವೈರಾದಲ್ಲಿ ಗಲಾಟೆ. ಸಿಗರೇಟು ಸೇದಿದ ಅಂತ ಮದುವೆ ಮನೆಯಲ್ಲೇ ಒಬ್ಬನನ್ನು ಹೊಡೆದರಂತೆ. ಅವನ ಅಣ್ಣತಮ್ಮಂದಿರು ಬಂದೂಕು ತೆಗೆದರು. ಇಡೀ ಬುಡಕಟ್ಟು ಎದ್ದಿದೆ. ದೌಲಾದವರನ್ನು ಊರಿನಿಂದ ಓಡಿಸಿದ್ದಾರೆ. ಹವ್ವಾಶ್ ಮುಂದೆ ನಿಂತಿದ್ದನಂತೆ. ಹೆಮ್ಮೆ ಅನ್ನಿಸಿತು, ತಕ್ಷಣ ಶಮ್ಸಾ, ಅವಳ ಮಕ್ಕಳ ನೆನಪಾಯಿತು.

2014 ಆಗಸ್ಟ್ 3

ಮಧ್ಯಾಹ್ನ ದಹ್ಹಾಮ್ ಬಂದ. ಜೊತೆಗೆ ಟ್ಯುನಿಷಿಯಾದವನು. ಇವತ್ತು ಚಪ್ಪಲಿ ಬಿಡಲಿಲ್ಲ.

"ಬುವೈರಾ ಲೈನ್ ಮುಚ್ಬೇಕು ಸಾಹೇಬ್ರೆ."

"ಅಲ್ಲಿ ನನ್ನ ತಂಗಿ ಇದಾಳೆ ದಹ್ಹಾಮ್. ನೀನು ಅವಳ ಕೈಯೂಟ ಉಂಡಿದೀಯ."

"ಗೊತ್ತು. ಅದಕ್ಕೇ ಬೇರೆಯೋರ ಕೈಲಿ ಮಾಡಿಸ್ತಿಲ್ಲ. ನೀವೇ ಮುಚ್ಚಿದ್ರೆ ನಿಮ್ಮ ಮೇಲೆ ಯಾರಿಗೂ ಅನುಮಾನ ಇರಲ್ಲ." ಸ್ವಲ್ಪ ತಡೆದು: "ಲಮೀಸ್ ಚೆನ್ನಾಗಿದಾಳಾ? ಎತ್ತರ ಆಗಿದಾಳೆ ಅಂದ್ರು."

ವಾಲ್ವಿನ ಚಕ್ರ ಬಿಸಿಲಿಗೆ ಕಾದಿತ್ತು. ಬಟ್ಟೆ ಸುತ್ತಿ ತಿರುಗಿಸಿದೆ. ಎಣ್ಣೆ ಹಾಕಿ ಚೆನ್ನಾಗಿ ಇಟ್ಟಿದ್ದೆ. ಸಲೀಸಾಗಿ ಮುಚ್ಚಿತು.

2014 ಆಗಸ್ಟ್ 5

ಶಮ್ಸಾ ಫೋನು.

"ಅಣ್ಣ, ನೀರು ಬರ್ತಿಲ್ಲ. ಪಂಪು ಕೆಟ್ಟಿದ್ಯಾ?"

"ಹೂಂ. ಕೆಟ್ಟಿದೆ."

"ಯಾವಾಗ ಸರಿ ಮಾಡ್ತೀಯ? ನದಿಗೆ ಹೋಗೋ ದಾರೀಲಿ ಗುಂಡು ಹೊಡೀತಿದಾರೆ. ಕೊಡ ಹಿಡ್ಕೊಂಡು ಹೋದ ಇಬ್ರು ವಾಪಸ್ ಬರ್ಲಿಲ್ಲ. ಮಕ್ಳಿಗೆ ಬಾವಿ ನೀರು ಕುಡಿಸಿ ವಾಂತಿ."

"ನೋಡ್ತೀನಿ."

ಹವ್ವಾಶ್ ಫೋನು ತೆಗೆದುಕೊಂಡ. "ಟೌನಿಗೆ ನೀರು ಬರ್ತಿದೆ ಅಂತೆ ಭಾವ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇರ್ಲಿ ಬಿಡಿ. ಅವಳಿಗೆ ನಾನು ಹೇಳಲ್ಲ. ಲಮೀಸ್‌ನ ನೋಡ್ಕೊಳ್ಳಿ."

ಬೈದಿದ್ದರೆ ಚೆನ್ನಾಗಿತ್ತು.

2014 ಆಗಸ್ಟ್ 7

ಖನ್ಸಾಗೆ ಎಲ್ಲ ಹೇಳಿದೆ. ಒಲೆ ಆರಿಸಿ ಬಂದು ಎದುರು ಕೂತಳು. "ಪಂಪ್‌ಹೌಸ್ ಕಾವಲಿನೋರು ನಮಾಜಿಗೆ ಹೋಗಲ್ವಾ?"

"ಹೋಗ್ತಾರೆ."

"ಮತ್ತೆ?"

ಇಳಿಮಧ್ಯಾಹ್ನದ ಅಸರ್ ನಮಾಜಿನ ಹೊತ್ತಿಗೆ ವಾಲ್ವ್ ತೆರೆದೆ, ಅರ್ಧ. ಕಾಲ್ಗಂಟೆಯೂ ಇಲ್ಲ. ಕೊಳವೆಗೆ ಕಿವಿಯಿಟ್ಟು ನೀರು ಹರಿಯುವುದನ್ನು ಕೇಳಿದೆ. ಮುಚ್ಚಿದೆ. ಮನೆಗೆ ಬಂದಾಗ ಖನ್ಸಾ ಬಾಗಿಲಲ್ಲೇ ನನ್ನ ಕೈ ಹಿಡಿದಳು. ಎಷ್ಟೋ ತಿಂಗಳಾಗಿತ್ತು.

2014 ಆಗಸ್ಟ್ 8

ದಹ್ಹಾಮ್ ಒಬ್ಬನೇ ಬಂದ. ಲೈನಿನ ಮೀಟರ್ ಮುಂದೆ ಕುಕ್ಕರುಗಾಲಲ್ಲಿ ಕೂತ, ತೋಳಿನಿಂದ ಗಾಜು ಒರೆಸಿದ.

"ಓದೋಕೆ ಬರಲ್ಲ ಅಂತ ತಿಳ್ಕೊಂಡಿದ್ರಾ?"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

"ಯಾರಿಗೂ ಹೇಳಿಲ್ಲ. ಹೇಳಿದ್ರೆ ಈ ಹೊತ್ತಿಗೆ ನೀವು ಚೌಕದಲ್ಲಿರ್ತಿದ್ರಿ. ನಿಮ್ಮ ಉಪ್ಪು ತಿಂದಿದೀನಿ. ಅದು ಇವತ್ತಿಗೆ ತೀರ್ತು."

ವಾಲ್ವಿಗೆ ಸರಪಳಿ, ಬೀಗ. ಕೀಲಿ ಅವನ ಜೇಬಿಗೆ. "ಥ್ಯಾಂಕ್ಸ್" ಅಂದೆ. ಬಾಯಿಗೆ ತಾನಾಗಿ ಬಂತು.

2014 ಆಗಸ್ಟ್ 13

ಬುವೈರಾ ದಿಕ್ಕಿನಲ್ಲಿ ಬೆಳಗ್ಗಿನಿಂದ ಫಿರಂಗಿ. ಕಿಟಕಿ ಗಾಜುಗಳು ನಡುಗುತ್ತಿವೆ. ಶಮ್ಸಾಳ ಫೋನು ಸ್ವಿಚ್ ಆಫ್. ಹವ್ವಾಶ್‌ನದೂ.

2014 ಆಗಸ್ಟ್ 14

ಸದ್ದಿಲ್ಲ. ಫೋನು ಹಾಗೇ.

2014 ಆಗಸ್ಟ್ 17

ಲಾರಿಗಳು. ಬುವೈರಾದ ಗಂಡಸರು, ಕೈ ಹಿಂದಕ್ಕೆ ಕಟ್ಟಿದ್ದಾರೆ. ಆಫೀಸಿನ ಮುಂದೆಯೇ ಹಾದುಹೋದವು, ಮರುಭೂಮಿಯ ಕಡೆಗೆ. ಒಂದೊಂದೇ ಮುಖ ನೋಡಲು ನಿಂತೆ. ಎಲ್ಲರ ಮುಖಕ್ಕೂ ಒಂದೇ ಧೂಳು. ಹವ್ವಾಶ್ ಇದ್ದನೋ, ಇಲ್ಲವೋ. ಒಬ್ಬ ನನ್ನ ಕಡೆ ನೋಡಿದ ಹಾಗಾಯಿತು. ಕಣ್ಣು ಕೆಳಗೆ ಹಾಕಿದೆ. ತಲೆ ಎತ್ತುವಷ್ಟರಲ್ಲಿ ಲಾರಿ ಹೋಗಿತ್ತು.

ಖಾಲಿ ಲಾರಿಗಳು ಸಂಜೆ ವಾಪಸ್ ಬಂದವು.

2014 ಸೆಪ್ಟೆಂಬರ್ 9

ಬರೆಯಲು ಆಗಿರಲಿಲ್ಲ.

ಇವತ್ತು ದಹ್ಹಾಮ್‌ನನ್ನು ಕೇಳಿದೆ. ಹವ್ವಾಶ್?

"ಕೇಳ್ಬೇಡಿ."

ಶಮ್ಸಾ? ಮಕ್ಕಳು?

"ಹೆಂಗಸ್ರು ಮಕ್ಳನ್ನ ಊರು ಬಿಡಿಸಿದ್ರು. ನಡ್ಕೊಂಡು ಹೋದ್ರು. ಎಲ್ಲಿಗೆ ಅಂತ ಆಣೆಗೂ ಗೊತ್ತಿಲ್ಲ." ನನ್ನ ಮುಖ ನೋಡಲಿಲ್ಲ. ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿದ. ಅವನಿಗೂ ಭಯ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಆ ಬಿಸಿಲಲ್ಲಿ ನಡೆದುಕೊಂಡು. ನೀರಿಲ್ಲದೆ.

ಖನ್ಸಾ ನನ್ನ ಹತ್ತಿರ ಮಾತಾಡುತ್ತಾಳೆ. ಊಟ ಬಡಿಸುತ್ತಾಳೆ. ಆದರೆ ಒಂದು ಸಲವೂ ನನ್ನ ಹೆಸರು ಹಿಡಿದು ಕರೆದಿಲ್ಲ.

2014 ಅಕ್ಟೋಬರ್ 20

ದಹ್ಹಾಮ್ ಕೀಲಿ ತಂದುಕೊಟ್ಟ. "ಬುವೈರಾ ಲೈನ್ ತೆಗೀರಿ ಸಾಹೇಬ್ರೆ. ಅಲ್ಲಿ ಸಂಸಾರಗಳು ಬಂದಿವೆ."

ಯಾರ ಸಂಸಾರ ಎಂದು ಕೇಳಲಿಲ್ಲ. ತೆರೆದೆ. ಪೂರ್ತಿ.

2014 ಅಕ್ಟೋಬರ್ 22

ಬುವೈರಾದಿಂದ ದೂರು. ಒಂದು ಕಡೆ ಪೈಪು ಒಡೆದಿದೆ. ಜೀಪು ಕಳಿಸಿದರು, ಹೋದೆ. ಸುಟ್ಟ ಮನೆಗಳು ಕೆಲವು, ಬಾಕಿಯವು ಹಾಗೇ ಇವೆ. ಬಾಗಿಲುಗಳ ಮೇಲೆ ಪೇಂಟಿನಲ್ಲಿ ನಂಬರು. ಬೀದಿಯಲ್ಲಿ ಗೊತ್ತಿಲ್ಲದ ಭಾಷೆಯಲ್ಲಿ ಕೂಗಾಡುತ್ತ ಆಡುವ ಮಕ್ಕಳು.

ಒಡೆದದ್ದು ಶಮ್ಸಾಳ ಅಂಗಳದಲ್ಲೇ.

ಬಾಗಿಲು ತೆಗೆದದ್ದು ಒಬ್ಬ ಮುದುಕ. ಕಝಾಕ್ ದೇಶದವನಂತೆ. ಮಗ ಕರೆಸಿಕೊಂಡಿದ್ದಾನೆ. ಮಗ ಯುದ್ಧದಲ್ಲಿ, ಸೊಸೆ ಒಳಗೆ. ಅರಬ್ಬಿಯನ್ನು ಗ್ರಂಥದಿಂದ ಕಲಿತವನು, ಹಾಗೇ ಆಡುತ್ತಾನೆ.

"ಬಹು ದೂರದಿಂದ ಬಂದೆವು, ಸಹೋದರ. ದೇವರು ನಮಗೆ ಮನೆಯನ್ನು ಕರುಣಿಸಿದನು."

ಅಗೆದೆ. ಒಡೆದ ತುಂಡು ಕತ್ತರಿಸಿ ಹೊಸದು ಹಾಕಿದೆ. ಮುದುಕ ಪಕ್ಕದಲ್ಲೇ ಕೂತು ಮಣ್ಣು ಎಳೆದು ಕೊಡುತ್ತಿದ್ದ. ಒಳ್ಳೆಯವನು. ಅದೇ ಕಷ್ಟ. ಹಗ್ಗದ ಮೇಲೆ ಒಣಗಲು ಹಾಕಿದ್ದ ಹೊದಿಕೆ ಶಮ್ಸಾಳದು, ನಮ್ಮ ಅಮ್ಮ ಹೊಲಿದದ್ದು.

"ಈ ಮನೆಯವರು ಎಲ್ಲವನ್ನೂ ಬಿಟ್ಟು ಹೋಗಿದ್ದಾರೆ. ಏನು ಅವಸರವಿತ್ತೋ. ನೀನು ಅವರನ್ನು ಬಲ್ಲೆಯಾ?"

ಜೀಪಿನವನು ಗೇಟಿನ ಹತ್ತಿರವೇ ನಿಂತಿದ್ದ.

"ಇಲ್ಲ" ಅಂದೆ.

ಟೀ ಕೊಟ್ಟ. ಕುಡಿದೆ.

ಮನೆಗೆ ಬಂದೆ. ಖನ್ಸಾ ಕೇಳಿದಳು, ಮನೆ ನಿಂತಿದೆಯಾ ಎಂದು. ನಿಂತಿದೆ ಅಂದೆ. ಯಾರಿದ್ದಾರೆ? ಯಾರೋ ಮುದುಕ ಅಂದೆ. ಹೊದಿಕೆಯ ವಿಷಯ ಹೇಳಿದೆ. ತಲೆವಸ್ತ್ರದ ಅಂಚು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಟೀ ಕುಡಿದದ್ದು ಮಾತ್ರ ಹೇಳಲಿಲ್ಲ. ಸಕ್ಕರೆ ಜಾಸ್ತಿ ಹಾಕಿದ್ದ, ನಮ್ಮ ಕಡೆಯವರ ಹಾಗೇ. ಬಾಯಾರಿತ್ತು ನನಗೆ. ಒಂದೇ ಗುಟುಕಿಗೆ ಕುಡಿದೆ. ಅವನು ನಕ್ಕು ಇನ್ನೊಂದು ಲೋಟ ಕೊಡಲೇ ಎಂದು ಕೇಳಿದ. ಶಮ್ಸಾಳ ಅಂಗಳದಲ್ಲಿ ಕೂತು, ಅದಕ್ಕೂ ನಾನು ಥ್ಯಾಂಕ್ಸ್ ಹೇಳಿ ಲೋಟ ಮುಂದೆ ಹಿಡಿದೆ.