ಫಾರಂನಲ್ಲಿ ನಾನು ಬರೆದ ‘ಇಲ್ಲ’

ಬಿಳಿಗೆರೆ,
ಶನಿವಾರ ಸಂಜೆ

ತಂಗಿ ಮಂಗಳಾ,

ಹುಬ್ಬಿನ ಹೊಲಿಗೆ ಬಿಚ್ಚಿದರಾ? ಎಡಗಿವಿ ಸ್ವಲ್ಪವಾದರೂ ಕೇಳಿಸುತ್ತಿದೆಯಾ? ತುರುವೇಕೆರೆಗೆ ನಾನೇ ಬಂದು ನೋಡಬೇಕಿತ್ತು. ನಿನಗೆ ತೋರಿಸಲು ಮುಖವಿಲ್ಲದೆ ಕಾಗದ ಬರೆಯುತ್ತಿದ್ದೇನೆ.

ನೀನು ಹೋಂ ನರ್ಸಾಗಿ ನಮ್ಮನೆಗೆ ಬಂದ ಮೊದಲ ದಿನ, ಬ್ಯಾಗು ಕೆಳಗಿಡುವ ಮುಂಚೆಯೇ ಏಜೆನ್ಸಿಯ ಫಾರಂ ಹಿಡಿದು ಕೇಳಿದ್ದೆ. “ನಿರ್ಮಲಕ್ಕ, ಲಕ್ವಾ ಹೊಡೆಯೋಕೆ ಮುಂಚೆ ಯಜಮಾನ್ರು ಹೆಂಗಿದ್ರು? ಕೈ ಎತ್ತೋರಾ?” ನಾನು ನಕ್ಕುಬಿಟ್ಟೆ. “ಅಯ್ಯೋ, ದೇವ್ರಂಥೋರು ಕಣೇ” ಅಂದೆ. ‘ರೋಗಿಗೆ ಹೊಡೆಯುವ ಸ್ವಭಾವವಿದೆಯೇ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಮನೆ ಮರ್ಯಾದೆ ನೋಡು! ಮೂವತ್ತೊಂದು ವರ್ಷ ಸೆರಗಿನಲ್ಲಿ ಮುಚ್ಚಿಟ್ಟಿದ್ದನ್ನು ಹೊರಗಿನವಳ ಮುಂದೆ ಬಿಚ್ಚಲು ನಾಲಿಗೆ ಏಳಲಿಲ್ಲ.

ಈಗ ಹೇಳುತ್ತೇನೆ. ಮದುವೆಯಾದ ವರ್ಷವೇ, ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ನನ್ನ ಗಂಡ ಶಿವಮೂರ್ತಿ ತೆಂಗಿನ ಮಟ್ಟೆಯಲ್ಲಿ ಬಾರಿಸಿದರು. ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಒದ್ದರು. ಕೂಸು ನಿಲ್ಲಲಿಲ್ಲ, ಮತ್ತೆ ಆಗಲೂ ಇಲ್ಲ. ನನ್ನ ಬೈತಲೆ ಪಕ್ಕ ಕೂದಲಿಲ್ಲದ ಜಾಗ ಕಂಡು “ಇದೇನಕ್ಕ?” ಅಂದಿದ್ದೆಯಲ್ಲ, ಅಟ್ಟದಿಂದ ಬಿದ್ದೆ ಅಂತ ನಾನು ಅಂದಿದ್ದೆ. ಸುಳ್ಳು. ಸುಲಿದ ಕೊಬ್ಬರಿಕಾಯಿಯಲ್ಲಿ ಹೊಡೆದ ಗಾಯ ಅದು.

ಲಕ್ವಾ ಅವರ ಎಡಭಾಗ ಕಿತ್ತುಕೊಂಡಿತು, ಮಾತು ತೊದಲಾಯಿತು. ಹೊಡೆಯುವ ಕೈ ಮಾತ್ರ ಭದ್ರವಾಗಿ ಉಳಿಯಿತು. ಅವರು ನಿನ್ನನ್ನು ತಳ್ಳಿದಾಗೆಲ್ಲ “ರೋಗ ಮಾಡಿಸ್ತೈತೆ ಬುಡಕ್ಕ, ಅವ್ರಲ್ಲ” ಎಂದು ನೀನು ನನಗೇ ಸಮಾಧಾನ ಹೇಳುತ್ತಿದ್ದೆ. ರೋಗ ಬಂದದ್ದು ಹೋದ ವರ್ಷ ಕಣೇ.

ಆ ದಿನ ಅವರ ಮನಸ್ಸು ಹಗುರಾಗಲಿ ಎಂದು ಕೊಬ್ಬರಿಯಾಗಲೆಂದು ಅವರೇ ಅಟ್ಟಕ್ಕೆ ಹಾಕಿಸಿದ್ದ ಕಾಯಿಯೊಂದನ್ನು ನೀನು ಸುಲಿಸಿ ತಂದುಕೊಟ್ಟೆ. ಅವರು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಎಂದಿತು. “ಕೊಬ್ಬರಿ ಆಗೈತೆ” ಅಂದರು, ಅಷ್ಟು ದಿನದ ಮೇಲೆ ಸ್ಪಷ್ಟವಾಗಿ. ನೀನು ಚಪ್ಪಾಳೆ ತಟ್ಟಿದೆ. ನನಗೆ ಹೊಟ್ಟೆಕಿಚ್ಚಾಯಿತು. ನಿನಗೆ ಅವರ ಮೇಲೆ ಹಳೆಯ ಸಿಟ್ಟೇನೂ ಇರಲಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿ ನೋಡಿಕೊಂಡೆ.

ಆಮೇಲೆ ಕುರ್ಚಿಯ ಮುಂದೆ ನೆಲದಲ್ಲಿ ಕೂತು, ತಲೆ ಬಗ್ಗಿಸಿ, ಅವರ ಕಾಲುಗುರು ಕತ್ತರಿಸತೊಡಗಿದೆ. ನಾನು ಬಾಗಿಲಲ್ಲಿದ್ದೆ. ಅವರ ಕೆಳತುಟಿ ಹಲ್ಲಿನೊಳಗೆ ಹೋಯಿತು. ಆ ತುಟಿ ನನಗೆ ಗೊತ್ತು. ‘ಏಳೇ’ ಎಂದು ಕೂಗಬಹುದಿತ್ತು. ಕೂಗಲಿಲ್ಲ. ಈ ಸಲ ನನ್ನ ತಲೆಯಲ್ಲವಲ್ಲ ಎಂದು ಒಂದು ಗಳಿಗೆ ಮೈ ಹಗುರಾಯಿತು ಮಂಗಳಾ. ಅವರ ಕೈಯಲ್ಲೇ ಇದ್ದ ಕಾಯಿ ನಿನ್ನ ಕಿವಿಯ ಮೇಲೆ ಬಿತ್ತು, ಮತ್ತೆ ಹುಬ್ಬಿನ ಮೇಲೆ. ಮೂರನೆಯ ಸಲ ಎತ್ತಿದಾಗಲೇ ನಾನು ಓಡಿಬಂದು ಕೈ ಹಿಡಿದದ್ದು. ನಿನ್ನ ರಕ್ತ ನನ್ನ ಪಾದದವರೆಗೆ ಹರಿದಿತ್ತು.

ಏಜೆನ್ಸಿಯ ರವೀಂದ್ರ ಬಂದು ‘ರೋಗಿಯ ಕೈಗೆ ಗಟ್ಟಿ ವಸ್ತು ಕೊಟ್ಟದ್ದು ನರ್ಸಿನ ತಪ್ಪು’ ಎಂದು ಬರೆದ. ಅದಕ್ಕೂ ಸಹಿ ಹಾಕಿದೆ. ನಿನ್ನ ಕೆಲಸ ಹೋಯಿತು.

ಇವತ್ತು ಬೆಳಿಗ್ಗೆ ಮೈ ಒರೆಸುವಾಗ ಅವರು ನನ್ನ ತುರುಬು ಹಿಡಿದು ಜಗ್ಗಿದರು. ಬಿಡಿಸಿಕೊಂಡೆ. ಕಿಟಕಿಯಲ್ಲಿದ್ದ ಅದೇ ಕಾಯಿ ಕೈಗೆ ಸಿಕ್ಕಿತು. ಅವರ ತಲೆಯ ಮೇಲೆ ಎತ್ತಿ ಹಿಡಿದೆ. “ಬ್ಯಾಡ ಕಣೇ” ಅಂದರು. ನಾನೂ ಎಷ್ಟು ಸಲ ಬ್ಯಾಡ ಅಂದಿದ್ದೆ! ಇನ್ನೂ ಮೇಲೆತ್ತಿದೆ, ಒಳಗಿನ ಕೊಬ್ಬರಿ ಲೊಟಲೊಟ ಎಂದಿತು. ನನ್ನ ಕೆಳತುಟಿ ಹಲ್ಲಿನೊಳಗಿತ್ತು. ಅದು ಗೊತ್ತಾದ ಮೇಲೆ ಕಾಯಿಯನ್ನು ಗೋಡೆಗೆ ಬೀಸಿದೆ. ಚಿಪ್ಪು ಒಡೆದು ಅವರ ಮಡಿಲಲ್ಲೆಲ್ಲ ಬಿತ್ತು.

ಪಕ್ಕದ ಮನೆ ಲಕ್ಷ್ಮಕ್ಕನನ್ನು ಅವರ ಹತ್ತಿರ ಕೂರಿಸಿ ತಿಪಟೂರಿನ ಏಜೆನ್ಸಿ ಆಫೀಸಿಗೆ ಹೋದೆ. ನಾನು ಹೇಳಿದ್ದು ಸುಳ್ಳು, ಮಂಗಳಾಳ ತಪ್ಪೇನೂ ಇಲ್ಲ ಎಂದು ಬರೆದುಕೊಟ್ಟೆ. ಅದರ ಜೆರಾಕ್ಸ್ ಇದರೊಳಗಿದೆ, ಜೋಪಾನ. ಹೊಸ ನರ್ಸಿಗಾಗಿ ಮತ್ತೆ ಅದೇ ಫಾರಂ ಕೊಟ್ಟರು. ‘ಹೊಡೆಯುವ ಸ್ವಭಾವವಿದೆಯೇ?’ ‘ಹೌದು, ಮೂವತ್ತೊಂದು ವರ್ಷದಿಂದ’ ಎಂದು ತುಂಬಿದೆ. ಮನೆಯ ಬೇರೆಯವರ ಬಗ್ಗೆ ಅದರಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ. ಕೆಳಗಿನ ಖಾಲಿ ಜಾಗದಲ್ಲಿ ನಾನೇ ಬರೆದೆ: ‘ಹೆಂಡತಿಯೂ ಹೊಡೆಯಬಹುದು. ನಮ್ಮಿಬ್ಬರನ್ನೇ ಬಿಡಬೇಡಿ.’

ನಿನ್ನ ಕಿವಿ ಮೊದಲಿನಂತಾಗಲಿ. ಮುಂದೆ ಹೋಗುವ ಮನೆಯವರು ನಿನಗೆ ನಿಜ ಹೇಳಲಿ. ನನ್ನನ್ನು ಕ್ಷಮಿಸಬೇಕಾಗಿಲ್ಲ, ನೀನು ಚೆನ್ನಾಗಿರು.

ಬಾಗಿಲಲ್ಲಿ ಸುಮ್ಮನೆ ನಿಂತಿದ್ದ,
ನಿರ್ಮಲಕ್ಕ