ಮನಶ್ಶಾಂತಿ ಕೊಠಡಿಯ ಬೀಗದ ಕೈ ಕುರಿತು

ಎರಕದ ಕಾರ್ಖಾನೆಯ ಮಾನ್ಯ ವ್ಯವಸ್ಥಾಪಕರೇ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಕ್ಷಮಿಸಿ. ಪ್ರಾಥಮಿಕ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಮರಳಿನ ಅಚ್ಚುಗಳ ಮೇಲಿನ ನಂಬರುಗಳು ಮಾತ್ರ. ವಿಷಯ ಇಷ್ಟು: ನೀವು ಕಟ್ಟಿಸಿದ ಮನಶ್ಶಾಂತಿ ಕೊಠಡಿಗೆ ಹೋಗಿ ಬಂದದ್ದಕ್ಕೆ ನನ್ನ ಅಣ್ಣನ ಕೆಲಸ ಹೋಗುವ ಹಾಗಿದೆ. ಇದನ್ನು ನಿಮ್ಮೆದುರು ನಿಂತು ಹೇಳಲು ನನಗೆ ನಾಚಿಕೆ. ಅದಕ್ಕೇ ಊರೆಲ್ಲ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ.

ಅಣ್ಣ ನಿಮ್ಮ ಕುಲುಮೆ ಶೆಡ್ಡಿನಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವವನು. ನಾನು ಪಕ್ಕದ ಶೆಡ್ಡಿನಲ್ಲಿ ಆ ಅಚ್ಚುಗಳನ್ನು ಮಾಡುವವಳು. ಅಚ್ಚು ಒಣಗಿಸುವ ಒಲೆ ಕೆಟ್ಟಿದೆ ಎಂದು ನಾವು ಹೇಳುತ್ತಲೇ ಇದ್ದೆವು, ನೀವು ನೋಡೋಣ ಎನ್ನುತ್ತಲೇ ಇದ್ದಿರಿ. ಕಳೆದ ತಿಂಗಳು ಪಸೆ ಉಳಿದಿದ್ದ ಒಂದು ಅಚ್ಚಿಗೆ ಕಬ್ಬಿಣ ಬಿದ್ದು ಸಿಡಿಯಿತು. ಅಣ್ಣನ ಜೊತೆ ಕಬ್ಬಿಣ ಸುರಿಯುವ ದೊಡ್ಡ ಸೌಟು ಹಿಡಿದಿದ್ದ, ನಾವೆಲ್ಲ ಮಾವ ಎಂದು ಕರೆಯುವ ಹಿರಿಯರ ಕಾಲು ಸುಟ್ಟಿತು. ಮಾವ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ, ನರ್ಸಮ್ಮನನ್ನು ನಗಿಸುತ್ತಲೂ ಇದ್ದಾರೆ. ಅಣ್ಣನಿಗೆ ಒಂದು ಬೊಬ್ಬೆಯೂ ಏಳಲಿಲ್ಲ. ಆದ್ದರಿಂದ ಅವನಿಗೆ ಏನೂ ಆಗಿಲ್ಲ ಎಂದು ತೀರ್ಮಾನಿಸಿ ಮರುದಿನವೇ ಸೌಟು ಹಿಡಿಯಲು ಕರೆದಿರಿ.

ಏನೂ ಆಗದ ಅಣ್ಣನ ಕಥೆ ಕೇಳಿ. ಅಮ್ಮ ಕಾದ ಬಾಣಲೆಗೆ ನೀರು ಹಾಕಿ ಅದು ಚುರ್ ಎಂದರೆ ಸಾಕು, ತಟ್ಟೆ ಹಿಡಿದುಕೊಂಡೇ ಬೀದಿಗೆ ಜಿಗಿಯುತ್ತಾನೆ. ಮೊದಲ ಸಲ ಅಮ್ಮನಿಗೆ ನಗು ಬಂತು.

"ಅಡುಗೆ ಚೆನ್ನಾಗಿಲ್ಲ ಅಂದ್ರೆ ಬಾಯಿಬಿಟ್ಟು ಹೇಳೋ ಮಾರಾಯ, ಹೀಗೆ ಎದ್ದು ಓಡ್ಬೇಡ."

"ಅಡುಗೆ ಚೆನ್ನಾಗೇ ಇದೆ ಕಣಮ್ಮಾ. ಕಾಲು ನನ್ನ ಮಾತು ಕೇಳ್ತಿಲ್ಲ," ಎಂದ ಅಣ್ಣ, ಹೊಸ್ತಿಲ ಆಚೆಯಿಂದ.

ಈಗ ಅಮ್ಮ ನಗುವುದಿಲ್ಲ. ಬಾಣಲೆ ತಣ್ಣಗಾಗುವ ತನಕ ಅದರ ಪಕ್ಕದಲ್ಲೇ ಕಾವಲು ಕೂರುತ್ತಾಳೆ.

ಮಾನ್ಯರೇ, ಕುಲುಮೆಯ ಒಳಗೋಡೆ ಬಿರುಕು ಬಿಟ್ಟರೆ ನೀವು ಏನು ಮಾಡುತ್ತೀರಿ? ಕುಲುಮೆಗೆ ರಜೆ ಕೊಡುತ್ತೀರಿ. ಅದು ನಿಧಾನವಾಗಿ ಆರಲಿ ಎಂದು ಕಾಯುತ್ತೀರಿ. ದೂರದಿಂದ ತಜ್ಞರು ಕಾರಿನಲ್ಲಿ ಬಂದು ಟಾರ್ಚು ಹಾಕಿ ಒಳಗೆ ಇಣುಕುತ್ತಾರೆ. "ಇಷ್ಟು ದೊಡ್ಡದಾಗಿ ಬೆಳೆದು ಬಿರುಕು ಬಿಡ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದು ಯಾರೂ ಕುಲುಮೆಯನ್ನು ಬೈಯುವುದಿಲ್ಲ. ಕುಲುಮೆಗೆ ತೋರಿಸುವ ಮರ್ಯಾದೆಯಲ್ಲಿ ಅರ್ಧವನ್ನು ಅದರ ಮುಂದೆ ನಿಲ್ಲುವವರಿಗೆ ತೋರಿಸಿದರೆ ಕಾರ್ಖಾನೆ ಮುಳುಗಿಹೋಗುತ್ತದೆಯೇ?

ನೀವು ಏನೂ ಮಾಡಿಲ್ಲ ಎಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಕುಲುಮೆಯ ಎದುರಿಗೇ ಕೊಠಡಿ ಕಟ್ಟಿಸಿದ್ದೀರಿ. ಬಾಗಿಲಿಗೆ 'ಮನಸ್ಸು ಭಾರವೇ? ಒಳಗೆ ಬನ್ನಿ' ಎಂಬ ಬೋರ್ಡು, ಬೋರ್ಡಿನ ಕೆಳಗೆ ಬೀಗ. ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಅವರನ್ನು ನಾವು ತುತ್ತೂರಿ ಮೇಸ್ತ್ರಿ ಎನ್ನುತ್ತೇವೆ, ಏಕೆಂದರೆ ಗಾಳಿ ಊದುವ ಯಂತ್ರದ ಸದ್ದನ್ನು ಮೀರಿ ಕೇಳುವುದು ಅವರ ದನಿಯೊಂದೇ.

ಹೋದ ವಾರ ಅಣ್ಣ ಮೆಲ್ಲಗೆ ಅವರ ಬಳಿ ಹೋದ.

"ಆ ರೂಮಿನ ಬೀಗದ ಕೈ ಬೇಕಿತ್ತು."

"ಏನು? ಜೋರಾಗಿ ಹೇಳೋ!"

"ಬೀಗದ ಕೈ!"

"ಯಾಕೆ?"

ಅಣ್ಣ ಉಸಿರು ತುಂಬಿಕೊಂಡು ಕೂಗುವುದಕ್ಕೂ ಕರೆಂಟು ಹೋಗಿ ಯಂತ್ರ ನಿಲ್ಲುವುದಕ್ಕೂ ಸರಿಹೋಯಿತು. "ನಂಗೆ ಭಯ ಆಗ್ತಿದೆ!" ಎಂಬುದು ನಮ್ಮ ಶೆಡ್ಡಿಗೂ ಕೇಳಿಸಿತು.

"ಭಯ ಆದ್ರೆ ಮನೆಗೆ ಹೋಗಿ ತೊಟ್ಟಿಲು ತೂಗು," ಎಂದರು ಮೇಸ್ತ್ರಿ. ಒಂದಷ್ಟು ಜನ ನಕ್ಕರು. ಆದರೂ ಬೀಗದ ಕೈ ಸಿಕ್ಕಿತು. ಒಳಗೆ ಒಂದು ಮೆತ್ತನೆಯ ಕುರ್ಚಿ. ಅದರ ಎಡಕ್ಕೆ ಗಾಜಿನ ಕಿಟಕಿ, ಕಿಟಕಿಯ ತುಂಬ ಉರಿಯುವ ಕುಲುಮೆ. ಬಲಕ್ಕೆ ಗೋಡೆಯಷ್ಟು ಅಗಲದ ಜಲಪಾತದ ಚಿತ್ರ. ಬಿಸಿ ಕಬ್ಬಿಣಕ್ಕೆ ನೀರು ತಾಗಿದ್ದನ್ನು ನೋಡಿ ಬೆಚ್ಚಿದವನನ್ನು ಬೆಂಕಿಗೂ ನೀರಿಗೂ ನಡುವೆ ಕೂರಿಸುವ ಉಪಾಯ ಯಾರದು, ಮಾನ್ಯರೇ? ಅಣ್ಣ ಕೂತಷ್ಟೇ ಬೇಗ ಎದ್ದು ಬಂದ.

ಮರುದಿನ ಅವನನ್ನು ಗೇಟು ಕಾಯಲು ಹಾಕಿದಿರಿ. ಮನೋಬಲವಿಲ್ಲದವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಸೋಮವಾರ ನಿರ್ಧರಿಸುತ್ತೀರಂತೆ. ಅದಕ್ಕೆ ಮೊದಲು ಗೇಟಿನ ಸಮಾಚಾರ ತಿಳಿದುಕೊಳ್ಳಿ. ಅಂದು ನಕ್ಕವರು ಈಗ ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಾರೆ. ಎಲ್ಲರ ಮೊದಲ ಮಾತೂ "ಏನಿಲ್ಲ, ಸುಮ್ನೆ ಬಂದೆ." ಆಮೇಲೆ ಬೀಡಿ ಹಚ್ಚುತ್ತಾರೆ. ಮೊನ್ನೆ ಒಬ್ಬರು ಅಣ್ಣನಿಗೆ ಹೇಳಿದ್ದನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

"ನಂಗೂ ನಿದ್ದೆ ಇಲ್ಲ ಕಣೋ. ಮನೇಲಿ ಸೊಳ್ಳೆ ಕಾಟ ಅಂದೆ. ಪಾಪ, ಹೆಂಡ್ತಿ ಸೊಳ್ಳೆ ಪರದೆ ತಂದ್ಲು."

"ಈಗ ನಿದ್ದೆ ಬರುತ್ತಾ?"

"ಈಗ ಪರದೆ ಒಳಗೆ ಎಚ್ಚರ ಇರ್ತೀನಿ."

ನಿನ್ನೆ ಬಂದವರು ಯಾರೆಂದು ಹೇಳುವುದಿಲ್ಲ. ಅವರ ದನಿ ಅಷ್ಟು ಮೆತ್ತಗೂ ಇರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಮನೋಬಲವಿಲ್ಲದವರು ಎಷ್ಟು ಜನ? ಎಲ್ಲರನ್ನೂ ಗೇಟಿಗೆ ಹಾಕಿದರೆ ಕಬ್ಬಿಣ ಸುರಿಯುವವರು ಯಾರು? ನೀವೇ ಬರುತ್ತೀರಾ? ಭಯ ನಮ್ಮ ಮನೆಯಿಂದ ಬುತ್ತಿಯಲ್ಲಿ ಕಟ್ಟಿಕೊಂಡು ತಂದದ್ದಲ್ಲ. ನಿಮ್ಮ ಶೆಡ್ಡಿನಲ್ಲಿ, ನಿಮ್ಮ ಕೆಲಸ ಮಾಡುವಾಗ ಹತ್ತಿಕೊಂಡದ್ದು. ಸುಟ್ಟ ಕಾಲಿನ ಔಷಧಿ ನಿಮ್ಮ ಜವಾಬ್ದಾರಿಯಾದರೆ ಇದರ ಔಷಧಿಯೂ ನಿಮ್ಮದೇ.

ಆದ್ದರಿಂದ ಸೋಮವಾರ ನೀವು ಅಣ್ಣನ ಕೆಲಸವನ್ನು ಅವನಿಗೇ ಉಳಿಸಬೇಕು. ಅವನು ಸೌಟು ಹಿಡಿಯಲು ಸಿದ್ಧನೇ ಎಂದು ಮನಸ್ಸಿನ ಡಾಕ್ಟರು ಹೇಳಲಿ, ಮೇಸ್ತ್ರಿಯಲ್ಲ. ಆ ಡಾಕ್ಟರು ಹೊರಗಿನವರಾಗಿರಲಿ, ಕೆಲಸದ ಹೊತ್ತಿನಲ್ಲೇ ಸಿಗಲಿ, ನಾವು ಹೇಳಿದ್ದು ಅವರಲ್ಲೇ ಉಳಿಯಲಿ. ಸಿಡಿತ ಕಂಡವರೆಲ್ಲರಿಗೂ ಮೊದಲು ಬಿಡುವು, ಆಮೇಲೆ ಕೆಲಸ. ಕೊಠಡಿಯನ್ನು ಕುಲುಮೆಯಿಂದ ದೂರಕ್ಕೆ ಒಯ್ಯಿರಿ, ಬೀಗ ತೆಗೆಯಿರಿ. ಜಲಪಾತವನ್ನು ಬೇಕಾದರೆ ನಿಮ್ಮ ಕೋಣೆಗೆ ಹಾಕಿಕೊಳ್ಳಿ.

ಗೇಟಿನಲ್ಲಿ ಒಂದೇ ಸ್ಟೂಲು ಇತ್ತು, ಬಂದವರು ನಿಂತೇ ಮಾತಾಡುತ್ತಿದ್ದರು. ಇಂದು ಬೆಳಿಗ್ಗೆ ನಮ್ಮ ಶೆಡ್ಡಿನಿಂದ ಇನ್ನೊಂದನ್ನು ಒಯ್ದು ಅಣ್ಣನ ಪಕ್ಕದಲ್ಲಿ ಇಟ್ಟು ಬಂದೆ.

ಇಂತಿ,
ನಿಮ್ಮ ಸ್ಟೂಲನ್ನು ಕೇಳದೆ ತೆಗೆದುಕೊಂಡ,
ಅಚ್ಚಿನ ಶೆಡ್ಡಿನ ಹುಡುಗಿ