ಓಬಳೇಶಪ್ಪನವರು ಕೊರೆಯದೆ ಬಿಟ್ಟ ನಾಲ್ಕನೆಯ ಸಾಲು

ಕಂಬಳಿಹಟ್ಟಿಯ ನೆಲಮನೆಗಳು, ಚಳ್ಳಕೆರೆಯ ಹಳೆಯ ಬಯಲು
ಬಾವಿ ಬತ್ತಿದ ಮೇಲಿನ ನೂರಾ ಹದಿನೆಂಟನೆಯ ವರ್ಷ
ಮೂರನೆಯ ಆಷಾಢ, ಗಾಳಿ ಇನ್ನೂ ಬಿದ್ದಿಲ್ಲ

ಓಬಳೇಶಪ್ಪನವರಿಗೆ ಬೊಮ್ಮಕ್ಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇದು ಯಾರೋ ತಲೆಕೆಟ್ಟವಳ ಕಾಗದವೆಂದು ಮಡಚಿಡಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಆಷಾಢ ಇತ್ತಂತೆ. ನಮ್ಮಲ್ಲಿ ಗಾಳಿ ಬೀಳುವವರೆಗೆ ಶ್ರಾವಣ ಬರುವುದಿಲ್ಲ. ಒಂದು ಆಷಾಢ ಮುಗಿದರೂ ಗಾಳಿ ನಿಲ್ಲದಿದ್ದರೆ ಎರಡನೆಯದು, ಅದೂ ಮುಗಿದರೆ ಮೂರನೆಯದು. ಮೂರನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನಾನು ಓದುಮನೆಯನ್ನು ಅರ್ಧಕ್ಕೆ ಬಿಟ್ಟವಳು. ಒಂದು ಕಡೆ ಕೂರುವುದು ನನ್ನಿಂದ ಆಗಲಿಲ್ಲ. ಅಲ್ಲಿ ಕಲಿತಷ್ಟು ಹಳೆಯ ಬರಹದಲ್ಲಿ ಬರೆಯುತ್ತಿದ್ದೇನೆ. ನಡುವೆ ನಮ್ಮ ಕಾಲದ ಮಾತುಗಳು ಬಂದರೆ ಕ್ಷಮಿಸಿ, ಅರ್ಥ ಹೇಳುತ್ತಾ ಹೋಗುತ್ತೇನೆ. ಸುಳ್ಳು ಮಾತ್ರ ಬರೆಯುವುದಿಲ್ಲ.

ನಿಮ್ಮ ಮುಖ ನನಗೆ ಗೊತ್ತಿಲ್ಲ. ಕುಸಿದುಬಿದ್ದ ಒಂದು ಶೆಡ್ಡಿನ ಕೆಳಗೆ, ಮರಳಿನಲ್ಲಿ ಹೂತಿದ್ದ ಡೀಸೆಲ್ ಇಂಜಿನ್ನಿನ ಮೈಮೇಲೆ ನಿಮ್ಮ ಹೆಸರು ಸಿಕ್ಕಿತು. ಉಳಿಯಿಂದ ಹೊಡೆದ ಅಕ್ಷರ: "ಓಬಳೇಶಪ್ಪ ಕೂಡಿಸಿದ್ದು." ಅದರ ಕೆಳಗೆ ಇನ್ನೂ ಮೂರು ಸಾಲು: "ಮೊದಲು ಬಿಸಿ ಮಾಡು. ಆಮೇಲೆ ಕೀಲಿ ತಿರುಗಿಸು. ಕಾಲು ಮೆತ್ತಗಿರಲಿ." ಯಾವುದೋ ಸಾಮಾನು ಗಾಡಿಯಿಂದ ಇಳಿಸಿ ಯಾವುದೋ ಜೀಪಿಗೆ ನೀವು ಏರಿಸಿದ ಇಂಜಿನ್ ಇರಬೇಕು. ನಿಮ್ಮ ಜೀಪು ತುಕ್ಕಾಗಿ ಹೋಗಿದೆ. ಇಂಜಿನ್ ಮಾತ್ರ ಎಣ್ಣೆ ಮೆತ್ತಿದ ಗೋಣಿಯಲ್ಲಿ ಸುತ್ತಿಕೊಂಡು ಹಾಗೆಯೇ ಇತ್ತು. ಹಾಗೆ ಸುತ್ತಿಟ್ಟವರು ನೀವೇ ಆಗಿದ್ದರೆ, ನಿಮಗೆ ಇನ್ನೊಂದು ನಮಸ್ಕಾರ.

ನಮ್ಮ ಕೂಡುಕೊಟ್ಟಿಗೆಯಲ್ಲಿ ಒಂದು ಕಟ್ಟಳೆ ಇದೆ. ಕೂಡುಕೊಟ್ಟಿಗೆ ಎಂದರೆ ಹಳೆಯ ಕಾಲದ ಬಿಡಿಭಾಗಗಳನ್ನು ಜೋಡಿಸಿ ಗಾಡಿ ಮಾಡುವ ಜಾಗ. ಒಂದು ಗಾಡಿಗೆ ಯಾರು ಕೈಯಿಟ್ಟು ಕೂಡಿಸಿದರೋ ಅವರೇ ಅದನ್ನು ಮೊದಲು ಓಡಿಸಬೇಕು. ಹೊರಡುವ ಮುಂಚೆ ತಮಗಿಂತ ಹಿಂದಿನ ಕೈಗೊಂದು ಕಾಗದ ಬರೆದು ಸೀಟಿನ ಕೆಳಗೆ ಇಡಬೇಕು. ಸಾಮಾನ್ಯವಾಗಿ ಎಲ್ಲರೂ "ನಿಮ್ಮ ಕೆಲಸ ಚೆನ್ನಾಗಿದೆ, ನಮ್ಮನ್ನು ಕಾಯಿರಿ" ಎಂದು ಬರೆದು ಮುಗಿಸುತ್ತಾರೆ. ನನಗೆ ಹಾಗೆ ಮುಗಿಸಲು ಬರುತ್ತಿಲ್ಲ, ಏಕೆಂದರೆ ನನಗೆ ಭಯವಾಗಿದೆ.

ಏಕೆ ಎಂದು ಮೊದಲಿನಿಂದ ಹೇಳುತ್ತೇನೆ. ನಾವು ನೆಲದಡಿ ತೋಡಿದ ನೆಲಮನೆಗಳಲ್ಲಿ ಇರುವವರು. ಹಗಲು ಮೇಲೆ ಬೂದಿಗಾಳಿ. ಹೊರಗೆ ಹೋಗುವವರು ಕಣ್ಣಿಗೆ ತೆಳುಬಟ್ಟೆ, ಮೂಗಿಗೆ ಒದ್ದೆಬಟ್ಟೆ ಕಟ್ಟಿ, ಕಂಬಳಿ ಹೊದ್ದು ಹೋಗುತ್ತಾರೆ. ಬೆಳಕೂ ನೀರೆತ್ತುವ ಶಕ್ತಿಯೂ ಗುಡ್ಡದ ಸಾಲಿನ ಗಾಳಿಕಂಬಗಳಿಂದ ಬರಬೇಕು. ನಮ್ಮ ಹಟ್ಟಿಗೂ ಆ ಗುಡ್ಡಕ್ಕೂ ನಡುವೆ ಬೂದಿಬಯಲು. ಅದನ್ನು ದಾಟಲು ನಮಗಿರುವುದು ಮೂಕಗಾಡಿಗಳು, ಅಂದರೆ ನಿಮ್ಮ ಕೊನೆಗಾಲದಲ್ಲಿ ಬಂದ ಬ್ಯಾಟರಿ ಗಾಡಿಗಳು. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಆಷಾಢ ಮುಂದುವರಿದಂತೆ ಏರುವ ಬಿಸಿಗೆ ಅವುಗಳ ಬ್ಯಾಟರಿ ರೊಟ್ಟಿಯ ಹಾಗೆ ಉಬ್ಬುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ.

ನನ್ನ ಅಣ್ಣ ಗಾದ್ರಪ್ಪ ಎರಡನೆಯ ಆಷಾಢದಲ್ಲಿ ಇಬ್ಬರನ್ನು ಕರೆದುಕೊಂಡು ಒಂದು ಗಾಳಿಕಂಬ ರಿಪೇರಿಗೆ ಹೋದ. ಹೊರಡುವಾಗ ಅವಸರದಲ್ಲಿ "ಹೋಗ್ತೀನಿ" ಅಂದುಬಿಟ್ಟ. ನನ್ನ ಜೊತೆ ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಜಬೀನಾ ಅವನನ್ನು ಬಿಡಲಿಲ್ಲ. "ಹೋಗಿ ಬರ್ತೀನಿ ಅನ್ನೋ, ನಾಲಿಗೆ ಸವೀತೈತಾ?" ಅಂತ ಬೈದಳು. ಅವನು ನಕ್ಕ, ಆದರೂ ಅನ್ನಲಿಲ್ಲ. ಗುಡ್ಡ ಮುಟ್ಟಿದ ಮೇಲೆ ಅವರ ಗಾಡಿ ಹೊತ್ತಿ ಉರಿಯುವುದು ಇಲ್ಲಿಂದಲೇ ಕಂಡಿತು. ಮೂವರೂ ಬದುಕಿದ್ದಾರೆ. ಸಂಜೆ ಗುಡ್ಡದ ಮೇಲೆ ದೀಪ ಇಡುತ್ತಾರೆ. ಮೂರು ದೀಪ ಎಂದರೆ ನೀರು ಸಾಕಷ್ಟಿದೆ, ಎರಡು ಎಂದರೆ ಅರ್ಧ, ಒಂದು ಎಂದರೆ ಕೊನೆಯ ಪೀಪಾಯಿಯ ಬಾಯಿ ತೆರೆದಾಗಿದೆ. ಇದು ನಮ್ಮ ಹಳೆಯ ಒಪ್ಪಂದ. ಮೊನ್ನೆಯಿಂದ ಒಂದೇ ದೀಪ.

ನಡೆದು ಹೋದವರು ಈ ಬಿಸಿಲಲ್ಲಿ ತಲುಪುವುದಿಲ್ಲ. ಉಳಿದ ಮೂಕಗಾಡಿಗಳನ್ನು ಕಳಿಸಿದರೆ ಅವೂ ಉರಿಯುತ್ತವೆ. ಉಳಿದ ದಾರಿ ನಿಮ್ಮ ಇಂಜಿನ್. ಎರಡು ದೀಪ ಕಂಡ ಸಂಜೆಯೇ ನಾನು ಒಂದು ಮೂಕಗಾಡಿಯ ಹೊಟ್ಟೆ ಬಿಚ್ಚಿ ಮೋಟರನ್ನೂ ಬ್ಯಾಟರಿಯನ್ನೂ ಇಳಿಸಿದೆ. ಅದು ಎತ್ತರದ ಜೀಪಿನಂಥ ಗಾಡಿ, ಕಲ್ಲುಗುಂಡಿ ಹತ್ತುವಂಥದ್ದು. ನಿಮ್ಮ ಇಂಜಿನ್ ಅದರಲ್ಲಿ ಕೂರಲೇ ಇಲ್ಲ. ಅಗಲ ಹೆಚ್ಚು, ತೂಕ ಇನ್ನೂ ಹೆಚ್ಚು. ಭಾರ ಹೊರುವ ಮುಂದಿನ ಉಕ್ಕಿನ ಪಟ್ಟಾಗಳು ಮಲಗಿಬಿಟ್ಟವು. ಬಿದ್ದ ಗಾಳಿಕಂಬದ ಉಕ್ಕು ಕತ್ತರಿಸಿ ಇಂಜಿನ್ನಿಗೆ ಹೊಸ ಕಾಲುಗಳನ್ನು ಮಾಡಿ ಕೂರಿಸಿದೆವು. ಇಂಜಿನ್ನಿನ ಜೊತೆಗೇ ಸಿಕ್ಕ ಗೇರ್‌ಬಾಕ್ಸನ್ನು ಹಿಂದಿನ ಚಕ್ರಗಳ ಶಾಫ್ಟಿಗೆ ಜೋಡಿಸಲು ಬೇಕಾದ ತಟ್ಟೆಯನ್ನು ಜಬೀನಾ ಅರದಿಂದ ಉಜ್ಜಿ ಉಜ್ಜಿ ಮಾಡಿದಳು. ಡೀಸೆಲ್ ಎಲ್ಲಿಂದ ತರುವುದು? ಹೊಂಗೆ ಎಣ್ಣೆಯನ್ನು ಬಿಸಿಲಲ್ಲಿಟ್ಟು ತೆಳ್ಳಗೆ ಮಾಡಿ, ಹಳೆಯ ಸೀರೆಯಲ್ಲಿ ಸೋಸಿ ಟ್ಯಾಂಕಿಗೆ ಹೊಯ್ದೆವು. ನಿಮ್ಮ ಮೂರು ಸಾಲುಗಳನ್ನು ಬಾಯಿಪಾಠ ಮಾಡಿಕೊಂಡೆವು.

ಇಂಜಿನ್ನಿಗೆ ಎಣ್ಣೆ ಕೊಡುವ ಪಂಪಿನ ಪಕ್ಕದಲ್ಲಿ ಒಂದು ಸಣ್ಣ ಸನ್ನೆಕೋಲು ಇತ್ತು. ಅದಕ್ಕೆ ಉದ್ದನೆಯ ತಂತಿ, ತಂತಿಯ ತುದಿಗೆ ಕರಿಯ ಗುಂಡಿ. ಎಳೆದರೆ ಸನ್ನೆ ಬಾಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಏನಿರಬಹುದೆಂದು ತಲೆ ಕೆಡಿಸಿಕೊಂಡೆವು. ಮೂಕಗಾಡಿಯಲ್ಲಿ ಅಂಥದ್ದಿಲ್ಲ; ಕೀಲಿ ತೆಗೆದರೆ ಎಲ್ಲವೂ ನಿಲ್ಲುತ್ತದೆ. ಬಾನೆಟ್ ತೆರೆಯುವ ತಂತಿ ಇರಬೇಕು ಅಂದೆ ನಾನು. ಅಲುಗಾಡಿ ಸದ್ದು ಮಾಡಬಾರದೆಂದು ಆ ತಂತಿಯನ್ನು ಕತ್ತರಿಸಿ, ಅದರಿಂದಲೇ ಸನ್ನೆಯನ್ನು ಹಿಂದಕ್ಕೆ ಬಿಗಿಯಾಗಿ ಕಟ್ಟಿದೆ. ಕಟ್ಟಿದ್ದು ನಾನೇ. ಜಬೀನಾ ಬೇಡ ಅಂದಿದ್ದಳು.

ಹಿಂದಿನ ಚಕ್ರಗಳ ಅಚ್ಚಿನ ಕೆಳಗೆ ಕಲ್ಲು ಪೇರಿಸಿ ಗಾಡಿಯನ್ನು ಎತ್ತಿ ನಿಲ್ಲಿಸಿದ್ದೆವು, ಚಕ್ರ ಗಾಳಿಯಲ್ಲಿ ತಿರುಗಲೆಂದು. ಜಬೀನಾ ಸೀಟಿನಲ್ಲಿ ಕೂತಳು, ನಾನು ಇಂಜಿನ್ನಿನ ಪಕ್ಕ ನಿಂತೆ. ಕೊಟ್ಟಿಗೆಯ ಹಿರಿಯ ಚಿನ್ನಯ್ಯ ತಾತ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ. ಬಿಸಿ ಮಾಡಿದೆವು, ಕೀಲಿ ತಿರುಗಿಸಿದೆವು. ಎರಡು ಸಲ ಕೆಮ್ಮಿತು. ಮೂರನೆಯ ಸಲ ಗುಡುಗಿ ಓಡತೊಡಗಿತು.

ಓಬಳೇಶಪ್ಪನವರೆ, ನೀವು ಈ ಸದ್ದಿನ ನಡುವೆಯೇ ಹುಟ್ಟಿ ಬೆಳೆದವರು. ನಾವು ಗಾಳಿಯ ಸದ್ದೊಂದನ್ನು ಬಿಟ್ಟು ದೊಡ್ಡ ಸದ್ದು ಕೇಳಿದವರಲ್ಲ. ನೆಲಮನೆಯ ಗೋಡೆಗಳಿಂದ ಮಣ್ಣು ಉದುರಿತು. ಕುರಿಗಳು ಒಂದರ ಮೇಲೊಂದು ಹತ್ತಿದವು. ನನ್ನ ಹಲ್ಲುಗಳೊಳಗೆ ಅದು ಓಡುತ್ತಿತ್ತು. ಗೇರು ಬಿದ್ದೇ ಇತ್ತು, ಚಕ್ರಗಳು ತಿರುಗತೊಡಗಿದವು. ಮೊದಲು ಖುಷಿಯಿಂದ ಕೂಗಿಕೊಂಡೆವು. ಆಮೇಲೆ ಪೇರಿಸಿದ ಕಲ್ಲು ಅದುರಿ ಜರುಗುವುದು ಕಂಡಿತು. "ನಿಲ್ಸೇ!" ಅಂದೆ.

"ನಿಲ್ಸಿದೀನಿ ಕಣೇ!" ಅಂತ ಜಬೀನಾ ಕೂಗಿದಳು. "ಕೀಲಿ ಕೈಯಾಗೈತೆ ನೋಡು! ಆದ್ರೂ ಓಡ್ತೈತೆ!"

ಕೀಲಿ ಅವಳ ಕೈಯಲ್ಲೇ ಇತ್ತು. ನಾನು ಇಂಜಿನ್ ಶುರು ಮಾಡಲೆಂದು ಇಟ್ಟಿದ್ದ ಸಣ್ಣ ಬ್ಯಾಟರಿಯ ತಂತಿ ಕಿತ್ತು ಎಸೆದೆ. ಆದರೂ ಓಡುತ್ತಿತ್ತು. ಅದನ್ನು ಹೇಗೆ ಹೇಳಲಿ? ತಲೆ ಕಡಿದರೂ ಎದ್ದು ನಡೆಯುವ ಕೋಣವನ್ನು ನೋಡಿದ ಹಾಗಾಯಿತು. ಯಾವುದು ಅದನ್ನು ನಡೆಸುತ್ತಿದೆ ಎಂದು ತಿಳಿಯದೆ ಕೈಗೆ ಸಿಕ್ಕ ತಂತಿಗಳನ್ನೆಲ್ಲ ಎಳೆದೆ. ಅದರಲ್ಲಿ ಒಂದು ಆಕ್ಸಿಲರೇಟರಿನದು. ಅದು ಎಳೆದಲ್ಲೇ ಸಿಕ್ಕಿಕೊಂಡಿತು. ಸದ್ದು ಚೀರಾಟವಾಯಿತು, ಹೊಗೆ ಕರ್ರಗಾಯಿತು, ಒಂದು ಕಲ್ಲು ಉರುಳಿಯೇಬಿಟ್ಟಿತು. ಇನ್ನೊಂದು ಉರುಳಿದರೆ ಚಕ್ರ ನೆಲ ಹಿಡಿಯುತ್ತಿತ್ತು. ಎದುರಿಗೆ ಕಲ್ಲಿನ ಗೋಡೆ, ಸೀಟಿನಲ್ಲಿ ಜಬೀನಾ. ಅವಳು ಇಳಿಯಲಿಲ್ಲ. ಇಳಿ ಅಂತ ನಾನು ಕೂಗಿದ್ದು ನನಗೇ ಕೇಳಲಿಲ್ಲ.

ಚಿನ್ನಯ್ಯ ತಾತ ಓಡಲಿಲ್ಲ, ಎದ್ದು ಬಂದ. ಹೆಗಲ ಮೇಲಿದ್ದ ಕಂಬಳಿಯನ್ನು ನೀರಿನ ತೊಟ್ಟಿಗೆ ಅದ್ದಿ, ಮುದ್ದೆ ಮಾಡಿ, ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ತುರುಕಿದ. ಅದು ಕಂಬಳಿಯನ್ನು ಎಳೆದುಕೊಂಡಿತು, ತಾತನ ಕೈಯನ್ನೂ ಎಳೆದುಕೊಂಡಿತು. ತಾತ ಬಿಡಲಿಲ್ಲ. ಇಂಜಿನ್ ಗೊರಗೊರ ಅಂತು, ಗಾಡಿಯೆಲ್ಲ ನಡುಗಿತು, ನಿಂತಿತು.

ತಾತ ಅಂಗೈಯ ರಕ್ತ ನೋಡಿಕೊಳ್ಳುತ್ತಾ ಅಂದ: "ಬಾಗಿಲಾಗೆ ಕುಂತಿದ್ನಲ್ಲ, ನನ್ ಕಂಬ್ಳಿ ಅಂಚು ಅದ್ರ ಬಾಯಿ ಕಡೀಕೆ ಹಾರ್ತಿತ್ತು. ಓಹೋ, ಇದೂ ಉಸಿರಾಡ್ತೈತೆ ಅನ್ಕಂಡೆ. ಉಸಿರಾಡೋದು ಯಾವ್ದಾದ್ರೂ ಮೂಗು ಮುಚ್ಚಿದ್ರೆ ಮಲಗ್ಲೇಬೇಕು." ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾ ಮತ್ತೆ, "ಅದು ಹೊಸಾ ಕಂಬ್ಳಿ ಕಣ್ರೇ, ಹಾಳ್ ಮುಂಡೇವಾ" ಅಂದ. ಜಬೀನಾ ನಗಲು ಹೋಗಿ ಅತ್ತುಬಿಟ್ಟಳು. ನಾನು ಅಳಲಿಲ್ಲ. ಉರುಳಿದ ಕಲ್ಲನ್ನು ಮತ್ತೆ ಅಚ್ಚಿನ ಕೆಳಗೆ ತಳ್ಳಿದೆ.

ಕಟ್ಟು ಬಿಚ್ಚಿ ನೋಡಿದ ಮೇಲೆ ತಿಳಿಯಿತು: ಆ ಕರಿಯ ಗುಂಡಿ ಎಣ್ಣೆ ತಡೆಯುವ ಗುಂಡಿ. ಅದನ್ನು ಎಳೆದರೆ ಇಂಜಿನ್ ನಿಲ್ಲುತ್ತದೆ. ನಿಲ್ಲಿಸುವುದನ್ನೇ ನಾನು ನಿಲ್ಲದಂತೆ ಕಟ್ಟಿದ್ದೆ. ಈಗ ಹೊಸ ತಂತಿ ಹಾಕಿದ್ದೇನೆ. ಹಲವು ಸಲ ಎಳೆದು ನೋಡಿದೆವು, ನಿಂತಿತು. ಒಂದು ಸಲ ಮಾತ್ರ ತಡವಾಗಿ ನಿಂತಿತು. ಅದು ಏಕೆ ಎಂದು ನನಗೆ ಗೊತ್ತಾಗಿಲ್ಲ. ಆಕ್ಸಿಲರೇಟರಿನ ತಂತಿಯನ್ನೂ ಉಜ್ಜಿ ಎಣ್ಣೆ ಬಿಟ್ಟಿದ್ದೇನೆ, ಆದರೆ ಬೂದಿ ಹೊಕ್ಕರೆ ಮತ್ತೆ ಸಿಕ್ಕಿಕೊಳ್ಳಬಹುದು. ಗುಡ್ಡ ಸೇರುವ ಮುಂಚೆ ಒಂದು ಕಡಿದಾದ ಹಳ್ಳ ಇಳಿಯಬೇಕು. ಅಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ, ಕಣ್ಣು ಮುಚ್ಚಿದರೂ ನಿಲ್ಲುವುದಿಲ್ಲ.

ಮೊದಲು ಓಡಿಸಬೇಕಾದವಳು ನಾನೇ. ತಾತ ಬಂದು, "ಕಟ್ಟಳೆ ಮಾಡಿದೋರು ನಾವೇ, ಮುರಿದ್ರೂ ನಾವೇ. ನಾನ್ ಹೋಗ್ತೀನಿ ಬಿಡವ್ವ, ಹಣ್ಣೆಲೆ ನಾನು" ಅಂದ. ಬಟ್ಟೆ ಸುತ್ತಿದ ಆ ಕೈಯಲ್ಲಿ ಗೇರು ಹಿಡಿಯಲು ಆಗದು. ಆಗುವಂತಿದ್ದರೆ ನಾನು ಹೂಂ ಅನ್ನುತ್ತಿದ್ದೆನೇನೋ. ಸುಳ್ಳು ಬರೆಯುವುದಿಲ್ಲ ಅಂದೆನಲ್ಲ. ಜಬೀನಾ ತಾನೂ ಬರುತ್ತೇನೆ ಅಂದಳು. ಮೂವರನ್ನು ಕರೆತರಬೇಕು, ಹೋಗುವಾಗ ನೀರಿನ ಪೀಪಾಯಿಗಳೂ ಇರುತ್ತವೆ, ಜಾಗವಿಲ್ಲ ಎಂದೆ. ಅದು ನಿಜ. ಅವಳನ್ನು ಮತ್ತೆ ಆ ಗಾಡಿಯಲ್ಲಿ ಕೂರಿಸಲಾರೆ ಎನ್ನುವುದೂ ನಿಜ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು. ಓಡಿಸುವುದಕ್ಕೆ ಮೂರು ಸಾಲು ಕೊರೆದವರು ನಿಲ್ಲಿಸುವುದಕ್ಕೆ ಒಂದು ಸಾಲು ಕೊರೆಯಬಾರದಿತ್ತೆ? ಆಮೇಲೆ ಯೋಚಿಸಿದೆ. ನಿಮ್ಮ ಕಾಲದಲ್ಲಿ ಅದು ಬೀದಿಯ ಮಕ್ಕಳಿಗೂ ಗೊತ್ತಿದ್ದಿರಬೇಕು. ಎಲ್ಲರಿಗೂ ಗೊತ್ತಿದ್ದುದನ್ನು ಯಾರು ಬರೆದಿಡುತ್ತಾರೆ? ಅದಕ್ಕೇ ಅದು ಕಳೆದುಹೋಯಿತು. ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಇದೇ. ನಮಗೆಲ್ಲ ಗೊತ್ತಿರುವ, ಆದ್ದರಿಂದ ನಾವು ಯಾರೂ ಬರೆಯದೆ ಬಿಟ್ಟಿರುವ ಮಾತು ಯಾವುದು? ದೀಪದ ಲೆಕ್ಕವನ್ನು ನಾವು ಎಲ್ಲಿಯೂ ಬರೆದಿಲ್ಲ. ನಮ್ಮ ನಂತರ ಈ ಬಯಲಿಗೆ ಬಂದವರು ಗುಡ್ಡದ ಮೇಲಿನ ಒಂದು ದೀಪ ನೋಡಿ, ಚೆಂದ ಕಾಣುತ್ತದೆ ಎಂದುಕೊಂಡು ಮಲಗಿಬಿಡಬಹುದು.

ಒಂದೇ ಒಂದು ಕೇಳಿಕೆ, ಓಬಳೇಶಪ್ಪನವರೆ. ನಿಮ್ಮ ಮೂರು ಸಾಲುಗಳ ಕೆಳಗೆ ಬೆರಳಗಲ ಜಾಗ ಖಾಲಿ ಇದೆ. ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ಇಂಜಿನ್ನನ್ನು ಗೋಣಿಯಲ್ಲಿ ಸುತ್ತುವ ಮುಂಚೆ ಅಲ್ಲಿ ನಾಲ್ಕನೆಯ ಸಾಲು ಕೊರೆಯಿರಿ. ಕೊರೆದಿದ್ದರೆ ನಾನು ಆ ತಂತಿಯನ್ನು ಕತ್ತರಿಸಿರುವುದಿಲ್ಲ, ತಾತನ ಕೈ ಹರಿದಿರುವುದಿಲ್ಲ, ಅಣ್ಣನ ಹತ್ತಿರ ನಿನ್ನೆಯೇ ತಲುಪಿರುತ್ತೇನೆ.

ಇಷ್ಟು ಬರೆದು, ಎದ್ದು ಹೋಗಿ ಇಂಜಿನ್ನಿನ ಮೇಲಿನ ಬೂದಿ ಒರೆಸಿ ನೋಡಿ ಬಂದೆ. ಮೂರೇ ಸಾಲು. ನಿಮಗೆ ತಲುಪಲಿಲ್ಲ. ತಲುಪುತ್ತದೆ ಎಂದು ನಾನೂ ಪೂರ್ತಿ ನಂಬಿರಲಿಲ್ಲ.

ಉಳಿ ತೆಗೆದುಕೊಂಡು ನಾನೇ ಕೊರೆದೆ: "ನಿಲ್ಲಿಸಲು ಕರಿಯ ಗುಂಡಿ ಎಳೆ. ನಿಲ್ಲದಿದ್ದರೆ ಒದ್ದೆ ಕಂಬಳಿಯಿಂದ ಉಸಿರು ಮುಚ್ಚು." ನನ್ನ ಅಕ್ಷರಗಳು ಸೊಟ್ಟಗಾಗಿವೆ. ನಿಮ್ಮವು ನೇರ. ಕೆಳಗೆ ಇನ್ನು ಜಾಗವಿರಲಿಲ್ಲ, ದೀಪದ ಲೆಕ್ಕವನ್ನು ಕೊಟ್ಟಿಗೆಯ ಬಾಗಿಲ ಕಲ್ಲಿನ ಮೇಲೆ ಕೊರೆಯಲು ಜಬೀನಾಳಿಗೆ ಹೇಳಿದ್ದೇನೆ.

ಬೆಳಗಾಗುತ್ತಿದೆ. ಗಾಳಿ ಸ್ವಲ್ಪ ತಗ್ಗಿದೆ. ತಾತ ತನ್ನ ಇನ್ನೊಂದು ಕಂಬಳಿಯನ್ನು ನೀರಿನಲ್ಲಿ ಅದ್ದಿ ನನ್ನ ಸೀಟಿನ ಪಕ್ಕಕ್ಕೆ ಇಟ್ಟಿದ್ದಾನೆ. ಗುಡ್ಡದ ಮೇಲೆ ಆ ಒಂದು ದೀಪವನ್ನು ಇನ್ನೂ ಆರಿಸಿಲ್ಲ. ಈ ಕಾಗದವನ್ನು ಸೀಟಿನ ಕೆಳಗೆ ಇಡುತ್ತೇನೆ, ಆಮೇಲೆ ಬಿಸಿ ಮಾಡುತ್ತೇನೆ, ಕೀಲಿ ತಿರುಗಿಸುತ್ತೇನೆ, ಕಾಲು ಮೆತ್ತಗಿಡುತ್ತೇನೆ.

ಹೋಗಿ ಬರುತ್ತೇನೆ.

ಬೊಮ್ಮಕ್ಕ